ಉಳಿದ ಪೈಸೆ ಯಾರ ಜೇಬಿಗೆ?

ಹೋಟೆಲಿನಲ್ಲಿ ಊಟ ಮುಗಿಸಿ ಬಿಲ್ಲು ಕೈಗೆತ್ತಿಕೊಂಡಾಗ ನಾವು ನೋಡುವುದು ಕೊನೆಯ ಮೊತ್ತವನ್ನು. ಸ್ವಲ್ಪ ಹುಷಾರಿನವರಾದರೆ ಜಿಎಸ್‌ಟಿಯನ್ನೂ ನೋಡುತ್ತೇವೆ. ಅವೆರಡರ ನಡುವೆ ಇನ್ನೊಂದು ಸಣ್ಣ ಸಾಲಿರುತ್ತದೆ: ‘ರೌಂಡ್ ಆಫ್’. ಒಮ್ಮೆ 0.40 ಕೂಡಿರುತ್ತದೆ, ಇನ್ನೊಮ್ಮೆ 0.30 ಕಳೆದಿರುತ್ತದೆ. ನಲವತ್ತು ಪೈಸೆಗೆ ಯಾರೂ ಕೌಂಟರಿನ ಮುಂದೆ ನಿಂತು ವಾದ ಮಾಡುವುದಿಲ್ಲ. ಆ ನಾಣ್ಯವೇ ನಮ್ಮ ಜೇಬಿನಲ್ಲಿಲ್ಲ.

ಆದರೆ ಆ ಸಾಲನ್ನು ಯಾರೋ ಒಬ್ಬರು ಬರೆದಿದ್ದಾರೆ. ನಲವತ್ತು ಪೈಸೆ ಮೇಲಕ್ಕೆ ಹೋಗಬೇಕೇ, ಕೆಳಕ್ಕೆ ಇಳಿಯಬೇಕೇ ಎಂಬುದನ್ನು ಕಂಪ್ಯೂಟರಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಅವರಿಗೆ ಅದನ್ನು ಹೇಳಿದ್ದು ಕಾನೂನೇ, ಮಾಲೀಕನೇ, ಅಥವಾ ಅವರು ಬಳಸಿದ ಭಾಷೆಯ ಪೂರ್ವನಿಶ್ಚಿತ ಅಭ್ಯಾಸವೇ? ಈ ಪ್ರಶ್ನೆಯ ಬೆನ್ನುಹತ್ತಿದರೆ ಒಂದು ಉದ್ದನೆಯ ಚರಿತ್ರೆ ತೆರೆದುಕೊಳ್ಳುತ್ತದೆ. ಅದರಲ್ಲಿ ಅಂಚೆಯ ತಕ್ಕಡಿಯಿದೆ, ನಮ್ಮ ಆಣೆ ಪೈಸೆಯ ಬದಲಾವಣೆಯಿದೆ, ಕೆನಡಾದ ಒಂದು ಶೇರುಪೇಟೆ ಇದೆ, ಜರ್ಮನಿಯ ಒಂದು ಚುನಾವಣೆ ಇದೆ. ಕೊನೆಗೆ ಡೇಟಾಬೇಸಿನ ಒಳಗೆ ಎಕ್ಸ್‌ಎಂಎಲ್ ರೂಪದಲ್ಲಿ ಕುಳಿತ ಸಂಖ್ಯೆಯನ್ನು ಹೊರತೆಗೆದು ಮೇಲಕ್ಕೆ ಏರಿಸುವ ಒಂದೇ ಒಂದು ಸಾಲಿನ ಕೋಡ್ ಇದೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಈ ಪತ್ರ ಓದುತ್ತಿರುವ ಅನೇಕರು ಅಂಥ ಸಾಲನ್ನು ಬರೆದೂ ಇರಬಹುದು.

‘ಅಥವಾ ಅದರ ಭಾಗಕ್ಕೆ’

ಸಂಖ್ಯೆಯನ್ನು ಯಾವಾಗಲೂ ಮೇಲಕ್ಕೇ ಏರಿಸುವ ಪದ್ಧತಿಯನ್ನು ಜನಸಾಮಾನ್ಯರಿಗೆ ಕಲಿಸಿದ್ದರಲ್ಲಿ ಅಂಚೆ ಇಲಾಖೆಯ ಪಾಲು ದೊಡ್ಡದು. 1840ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ರೋಲೆಂಡ್ ಹಿಲ್‌ನ ಸುಧಾರಣೆ ಜಾರಿಗೆ ಬಂತು. ಅದಕ್ಕೂ ಮುಂಚೆ ಪತ್ರ ಎಷ್ಟು ದೂರ ಹೋಗುತ್ತದೆ, ಎಷ್ಟು ಹಾಳೆ ಇವೆ ಎಂದು ಲೆಕ್ಕ ಹಾಕಿ ದುಡ್ಡು ಕೇಳುತ್ತಿದ್ದರು. ಹಿಲ್ ಆ ಗೋಜನ್ನು ತೆಗೆದುಹಾಕಿದ. ದೇಶದೊಳಗೆ ಎಲ್ಲಿಗಾದರೂ ಸರಿ, ಅರ್ಧ ಔನ್ಸ್‌ವರೆಗೆ ಒಂದು ಪೆನ್ನಿ.

ಹದಿನಾಲ್ಕು ವರ್ಷಗಳ ನಂತರ ಅದೇ ತತ್ವ ಇಲ್ಲಿಗೂ ಬಂತು. 1854ರ ಅಂಚೆ ಕಾಯ್ದೆಯ ಪ್ರಕಾರ ಕಾಲು ತೊಲದವರೆಗಿನ ಪತ್ರಕ್ಕೆ ಅರ್ಧ ಆಣೆ. ಕಾಲು ತೊಲವೆಂದರೆ ಇಂದಿನ ಲೆಕ್ಕದಲ್ಲಿ ಮೂರು ಗ್ರಾಮಿಗಿಂತ ಕಡಿಮೆ. ಪತ್ರ ಅದಕ್ಕಿಂತ ಒಂದು ಕೂದಲೆಳೆಯಷ್ಟು ಭಾರವಾದರೂ ಮುಂದಿನ ಮೆಟ್ಟಿಲಿನ ದರ ಕೊಡಬೇಕು. ತಕ್ಕಡಿ ಸಮವಾಗಿ ನಿಂತರೆ ಹಳೆಯ ದರ, ಚೂರು ವಾಲಿದರೆ ಹೊಸ ದರ. ಇಂದಿಗೂ ಅಂಚೆ ಕಚೇರಿಯ ದರಪಟ್ಟಿಯಲ್ಲಿ ‘ಪ್ರತಿ ಹೆಚ್ಚುವರಿ 20 ಗ್ರಾಮ್ ಅಥವಾ ಅದರ ಭಾಗಕ್ಕೆ’ ಎಂಬ ಮಾತಿದೆ. ‘ಅಥವಾ ಅದರ ಭಾಗಕ್ಕೆ’ ಎಂಬ ಮೂರು ಪದಗಳೇ ಮೇಲಕ್ಕೆ ಏರಿಸುವ ನಿಯಮ. 21 ಗ್ರಾಮಿನ ಪತ್ರ 40 ಗ್ರಾಮಿನ ಪತ್ರದಷ್ಟೇ ದುಡ್ಡು ಕೊಡುತ್ತದೆ.

ಈ ಪದ್ಧತಿಯಲ್ಲಿ ಒಂದು ಪ್ರಾಮಾಣಿಕತೆ ಇದೆ ಎಂಬುದನ್ನು ಗಮನಿಸಬೇಕು. ನಿಯಮ ಗೋಡೆಯ ಮೇಲೆ ಬರೆದಿದೆ. ತಕ್ಕಡಿ ಗಿರಾಕಿಯ ಕಣ್ಣಮುಂದೆ ಇದೆ. ಹೆಚ್ಚಿನ ಪೈಸೆ ಇಲಾಖೆಗೆ ಹೋಗುತ್ತದೆಂಬುದು ಇಬ್ಬರಿಗೂ ಗೊತ್ತು. ಬೇಡವಾದರೆ ಒಂದು ಹಾಳೆ ಕಡಿಮೆ ಬರೆಯಬಹುದು.

ಗಣಿತಕ್ಕೆ ಈ ಕ್ರಿಯೆ ಹೊಸದೇನಲ್ಲ. ಆರ್ಯಭಟನ ಜ್ಯಾ ಕೋಷ್ಟಕದಲ್ಲಿ ವೃತ್ತದ ತ್ರಿಜ್ಯ 3438. ವೃತ್ತದ 21,600 ಕಲೆಗಳನ್ನು ಪೈಯ ಎರಡರಷ್ಟರಿಂದ ಭಾಗಿಸಿದರೆ ಸಿಗುವುದು 3437.7ಕ್ಕಿಂತ ಸ್ವಲ್ಪ ಹೆಚ್ಚು. ಪೂರ್ಣಾಂಕ ಮಾಡಿಕೊಂಡರೆ 3438. ಆದರೆ ಮೇಲಕ್ಕೆ ಏರಿಸುವುದಕ್ಕೂ ಕೆಳಕ್ಕೆ ಇಳಿಸುವುದಕ್ಕೂ ಎರಡು ಬೇರೆ ಹೆಸರು, ಎರಡು ಬೇರೆ ಚಿಹ್ನೆ ಸಿಕ್ಕಿದ್ದು ತೀರಾ ಇತ್ತೀಚೆಗೆ. 1808ರಲ್ಲಿ ಗೌಸ್ ಕೆಳಗಿನ ಪೂರ್ಣಾಂಕಕ್ಕೆ ಚೌಕ ಆವರಣವನ್ನು ಬಳಸಿದ. ಮೇಲಿನದಕ್ಕೆ ಒಪ್ಪಿತವಾದ ಚಿಹ್ನೆ ಇರಲಿಲ್ಲ. 1962ರಲ್ಲಿ ಕೆನಡಾ ಮೂಲದ ಕೆನೆತ್ ಐವರ್‌ಸನ್ ತನ್ನ ‘ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಪುಸ್ತಕದಲ್ಲಿ ಎರಡಕ್ಕೂ ಜೋಡಿ ಹೆಸರಿಟ್ಟ: ಕೆಳಗಿನದು ಫ್ಲೋರ್, ಮೇಲಿನದು ಸೀಲಿಂಗ್. ನೆಲ ಮತ್ತು ಚಾವಣಿ. 7.2 ಎಂಬ ಸಂಖ್ಯೆ ಒಂದು ಕೋಣೆಯಲ್ಲಿ ನಿಂತಿದೆ ಎಂದುಕೊಳ್ಳಿ. ಕಾಲಡಿಯ ನೆಲ 7, ತಲೆಯ ಮೇಲಿನ ಚಾವಣಿ 8. ಅಂಚೆಯ ತಕ್ಕಡಿ ನೂರು ವರ್ಷಕ್ಕೂ ಹೆಚ್ಚು ಕಾಲ ಮಾಡುತ್ತಿದ್ದ ಕೆಲಸಕ್ಕೆ ಹೀಗೆ ನಾಮಕರಣವಾಯಿತು.

ಎರಡಾಣೆಗೆ ಹನ್ನೆರಡೋ ಹದಿಮೂರೋ

1957ರ ಏಪ್ರಿಲ್ 1ರಂದು ಇಡೀ ದೇಶ ಒಟ್ಟಿಗೆ ರೌಂಡ್ ಆಫ್ ಮಾಡಲು ಕಲಿಯಬೇಕಾಯಿತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಆ ದಿನದಿಂದ ರೂಪಾಯಿಗೆ 100 ನಯಾ ಪೈಸೆ. ಹಳೆಯ ನಾಣ್ಯವೂ ಹೊಸ ನಾಣ್ಯವೂ ಕೆಲವು ವರ್ಷ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಉರುಳಾಡಿದವು.

ಕಷ್ಟವಿದ್ದದ್ದು ಭಾಗಾಕಾರದಲ್ಲಿ. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು. ಕಾಲು ನಯಾ ಪೈಸೆ ಎಂಬ ನಾಣ್ಯವಿಲ್ಲ. ಹಾಗಾಗಿ ಪರಿವರ್ತನೆಯ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾ ಪೈಸೆ ಎಂದಾಯಿತು. ಒಂದಾಣೆಯ 6.25 ಕೆಳಕ್ಕಿಳಿಯಿತು, ಮೂರಾಣೆಯ 18.75 ಮೇಲಕ್ಕೇರಿತು, ಇವೆರಡೂ ಸಹಜ. ಕುತೂಹಲದ್ದು ಎರಡಾಣೆ. ಅದರ ನಿಜವಾದ ಬೆಲೆ 12.50. ಸರಿಯಾಗಿ ನಡುವೆ ನಿಂತ ಸಂಖ್ಯೆ. ಶಾಲೆಯಲ್ಲಿ ನಾವು ಕಲಿತದ್ದು ‘ಅರ್ಧವಾದರೆ ಮೇಲಕ್ಕೆ’ ಎಂದು. ಪಟ್ಟಿ ಮಾಡಿದ್ದು ಕೆಳಕ್ಕೆ.

ಇದರ ಪರಿಣಾಮವನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಒಂದಾಣೆಯ ವಸ್ತುವನ್ನು ಬಿಡಿಬಿಡಿಯಾಗಿ ಹದಿನಾರು ಸಲ ಕೊಂಡರೆ ಹೊಸ ಲೆಕ್ಕದಲ್ಲಿ 96 ಪೈಸೆ. ಗಿರಾಕಿಗೆ ನಾಲ್ಕು ಪೈಸೆ ಲಾಭ. ಮೂರಾಣೆಯ ವಸ್ತುವನ್ನು ಹದಿನಾರು ಸಲ ಕೊಂಡರೆ 304 ಪೈಸೆ. ಹಳೆಯ ಲೆಕ್ಕದಲ್ಲಿ ಅದು ಮೂರು ರೂಪಾಯಿ. ಇಲ್ಲಿ ನಾಲ್ಕು ಪೈಸೆ ಅಂಗಡಿಯವನಿಗೆ. ಒಂದೊಂದು ವ್ಯವಹಾರದಲ್ಲಿ ಕಾಲು ಪೈಸೆಯಷ್ಟೇ ವ್ಯತ್ಯಾಸ. ಅದು ಯಾವ ಕಡೆಗೆ ಸರಿಯುತ್ತದೆಂಬುದು ನೀವು ದಿನವೂ ಏನು ಕೊಳ್ಳುತ್ತೀರಿ, ಎಷ್ಟು ಬಾರಿ ಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿತ್ತು. ಒಂದೇ ಸಲ ಹೆಚ್ಚು ಕೊಳ್ಳುವವನಿಗೂ ದಿನಗೂಲಿಯಲ್ಲಿ ಅಂದಂದಿನದು ಅಂದಂದೇ ಕೊಳ್ಳುವವನಿಗೂ ಒಂದೇ ಪಟ್ಟಿ, ಬೇರೆ ಬೇರೆ ಫಲ.

1964ರ ಜೂನ್ 1ರಂದು ‘ನಯಾ’ ಎಂಬ ವಿಶೇಷಣ ಬಿದ್ದುಹೋಯಿತು. 2011ರ ಜೂನ್ 30ರ ನಂತರ ನಾಲ್ಕಾಣೆಯೂ, ಅಂದರೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳೂ, ಚಲಾವಣೆಯಿಂದ ಹೋದವು. ನಾಣ್ಯ ಹೋದರೂ ಲೆಕ್ಕ ಹೋಗಲಿಲ್ಲ. ಕೈಗೆ ಸಿಗದ ಪೈಸೆಗಳು ಕಂಪ್ಯೂಟರಿನಲ್ಲಿ ಬದುಕಿಕೊಂಡವು.

ಮೂರನೇ ದಶಾಂಶದಿಂದ ಆಚೆಗೆ

ಆ ಬದುಕು ಎಷ್ಟು ಅಪಾಯಕಾರಿ ಎಂಬುದನ್ನು ಮೊದಲು ಕಣ್ಣಿಗೆ ಕಟ್ಟುವಂತೆ ತೋರಿಸಿದ ಪ್ರಕರಣಗಳಲ್ಲಿ ಒಂದು ವ್ಯಾಂಕೂವರ್ ಶೇರುಪೇಟೆಯದು. 1982ರ ಜನವರಿಯಲ್ಲಿ ಅಲ್ಲಿ ಹೊಸ ಸೂಚ್ಯಂಕವೊಂದು 1000ದಿಂದ ಶುರುವಾಯಿತು. ಪ್ರತಿ ವ್ಯವಹಾರದ ನಂತರವೂ ಅದನ್ನು ಹೊಸದಾಗಿ ಲೆಕ್ಕ ಹಾಕಿ ಮೂರು ದಶಾಂಶ ಸ್ಥಾನಗಳವರೆಗೆ ಇಟ್ಟುಕೊಳ್ಳುತ್ತಿದ್ದರು. ನಾಲ್ಕನೆಯ ಸ್ಥಾನದಿಂದ ಆಚೆಗಿನದನ್ನು ಪ್ರೋಗ್ರಾಮ್ ಹತ್ತಿರದ ಸಂಖ್ಯೆಗೆ ಹೊಂದಿಸುವ ಬದಲು ಸುಮ್ಮನೆ ಕತ್ತರಿಸಿ ಎಸೆಯುತ್ತಿತ್ತು.

ಒಂದು ಸಲ ಕತ್ತರಿಸಿದರೆ ಸರಾಸರಿ ನಷ್ಟ ಒಂದು ಅಂಶದ ಎರಡು ಸಾವಿರದಲ್ಲೊಂದು ಭಾಗ. ಯಾರೂ ತಲೆಕೆಡಿಸಿಕೊಳ್ಳುವ ಮೊತ್ತವಲ್ಲ. ಆದರೆ ದಿನಕ್ಕೆ ಮೂರು ಸಾವಿರದ ಹತ್ತಿರ ಸಲ ಈ ಲೆಕ್ಕ ನಡೆಯುತ್ತಿತ್ತು. ಪ್ರತಿ ಸಲದ ಉತ್ತರವೇ ಮುಂದಿನ ಲೆಕ್ಕದ ಆರಂಭ. ಹಾಗೆ ನೋಡಿದರೆ ದಿನಕ್ಕೆ ಒಂದೂವರೆ ಅಂಶದ ಆಸುಪಾಸು, ತಿಂಗಳಿಗೆ ಮೂವತ್ತರ ಆಸುಪಾಸು ಸೋರಿಕೆ. 1983ರ ನವೆಂಬರಿನ ಒಂದು ಶುಕ್ರವಾರ ಸೂಚ್ಯಂಕ 524.811ರಲ್ಲಿ ಮುಗಿಯಿತು. ವಾರಾಂತ್ಯದಲ್ಲಿ ಸರಿಯಾದ ಲೆಕ್ಕ ಹಾಕಿ ಸೋಮವಾರ ಪೇಟೆ ತೆರೆದಾಗ ಅದು 1098.892. ಇಪ್ಪತ್ತೆರಡು ತಿಂಗಳು ಪೇಟೆ ಕುಸಿಯುತ್ತಿದೆ ಎಂದು ಸೂಚ್ಯಂಕ ಹೇಳುತ್ತಲೇ ಇತ್ತು. ನಿಜದಲ್ಲಿ ಅದು ಆರಂಭಕ್ಕಿಂತ ಮೇಲಿತ್ತು.

ಅದೇ 1983ರಲ್ಲಿ ತೆರೆಕಂಡ ‘ಸೂಪರ್‌ಮ್ಯಾನ್ 3’ ಚಿತ್ರದಲ್ಲಿ ಒಬ್ಬ ಪ್ರೋಗ್ರಾಮರ್ ಕಂಪನಿಯ ಸಂಬಳದ ಲೆಕ್ಕದಲ್ಲಿ ಉಳಿಯುವ ಅರ್ಧ ಸೆಂಟುಗಳನ್ನೆಲ್ಲ ತನ್ನ ಹೆಸರಿಗೆ ತಿರುಗಿಸಿಕೊಂಡು ಶ್ರೀಮಂತನಾಗುತ್ತಾನೆ. ಚಿತ್ರದ ಕಳ್ಳನಿಗೆ ಕನಿಷ್ಠ ತಾನು ಮಾಡುತ್ತಿರುವುದೇನೆಂದು ಗೊತ್ತಿತ್ತು. ವ್ಯಾಂಕೂವರಿನಲ್ಲಿ ಕಳ್ಳನೇ ಇರಲಿಲ್ಲ.

ಇನ್ನೊಂದು ಘಟನೆ ಮೇಲಕ್ಕೆ ಏರಿದ ಸಂಖ್ಯೆಯದು. 1992ರ ಏಪ್ರಿಲ್ 5ರಂದು ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯದಲ್ಲಿ ಚುನಾವಣೆ ನಡೆಯಿತು. ಅಲ್ಲಿ ಶೇಕಡಾ 5ರಷ್ಟು ಮತ ಪಡೆಯದ ಪಕ್ಷಕ್ಕೆ ಸಾಮಾನ್ಯವಾಗಿ ಶಾಸನಸಭೆಯಲ್ಲಿ ಸ್ಥಾನವಿಲ್ಲ. ಗ್ರೀನ್ ಪಕ್ಷಕ್ಕೆ 5.0 ಎಂದು ಫಲಿತಾಂಶದ ಹಾಳೆಯಲ್ಲಿ ಬಂತು. ಮಧ್ಯರಾತ್ರಿ ಕಳೆದ ಮೇಲೆ ಯಾರೋ ಗಮನಿಸಿದರು: ನಿಜವಾದ ಸಂಖ್ಯೆ 4.97. ವರ್ಷಗಳಿಂದ ಬಳಕೆಯಲ್ಲಿದ್ದ ಪ್ರೋಗ್ರಾಮ್ ಒಂದೇ ದಶಾಂಶಕ್ಕೆ ಹೊಂದಿಸಿ ಮುದ್ರಿಸುತ್ತಿತ್ತು. ಗ್ರೀನ್ ಪಕ್ಷ ಸಭೆಯಿಂದ ಹೊರಗುಳಿಯಿತು. ಸೋಶಿಯಲ್ ಡೆಮಾಕ್ರಟರಿಗೆ ಒಂದೇ ಸ್ಥಾನದ ಬಹುಮತ ಸಿಕ್ಕಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತೋರಿಸಲೆಂದು ಚಿಕ್ಕದು ಮಾಡಿದ ಸಂಖ್ಯೆಯನ್ನು ತೀರ್ಮಾನಕ್ಕೆ ಬಳಸಿದ್ದೇ ತಪ್ಪು.

ಈ ನಡುವೆ 1985ರಲ್ಲಿ ಕಂಪ್ಯೂಟರುಗಳು ದಶಾಂಶ ಸಂಖ್ಯೆಗಳನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ಐಇಇಇ 754 ಮಾನದಂಡ ಬಂತು. ಅದರ ಹಿಂದಿನ ಮುಖ್ಯ ಶಕ್ತಿ ವಿಲಿಯಮ್ ಕಹಾನ್. ಅದು ನಾಲ್ಕು ದಾರಿಗಳನ್ನು ಹೆಸರಿಸಿತು: ಹತ್ತಿರದ ಸಂಖ್ಯೆಗೆ, ಸೊನ್ನೆಯ ಕಡೆಗೆ, ಮೇಲಕ್ಕೆ, ಕೆಳಕ್ಕೆ. ಹತ್ತಿರದ್ದಕ್ಕೆ ಹೊಂದಿಸುವಾಗ ಸಂಖ್ಯೆ ಸರಿಯಾಗಿ ನಡುವೆ ನಿಂತರೆ ಸಮಸಂಖ್ಯೆಯ ಕಡೆಗೆ ಹೋಗಬೇಕೆಂಬುದು ಅದರ ಸಹಜ ನಿಯಮ. ಯಾವಾಗಲೂ ಮೇಲಕ್ಕೇ ಹೋದರೆ ವ್ಯಾಂಕೂವರಿನ ಸೋರಿಕೆಯೇ ತಿರುಗುಮುರುಗಾಗಿ ನಡೆಯುತ್ತದೆ. ಅರ್ಧದಷ್ಟು ಸಲ ಅತ್ತ, ಅರ್ಧದಷ್ಟು ಸಲ ಇತ್ತ ಹೋದರೆ ಒಟ್ಟಿನಲ್ಲಿ ಸರಿದೂಗುತ್ತದೆ.

ಗುರುತುಪಟ್ಟಿ ಕಟ್ಟಿದ ಸಂಖ್ಯೆಗಳು

ಇನ್ನು ಎಕ್ಸ್‌ಎಂಎಲ್ ಕಥೆ. ಅದರ ಬೇರು ಲೆಕ್ಕಪತ್ರದಲ್ಲಿಲ್ಲ, ಕಾಗದಪತ್ರದಲ್ಲಿದೆ. 1969ರ ಹೊತ್ತಿಗೆ ಐಬಿಎಮ್‌ನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಸಂಗಡಿಗರು ದಾಖಲೆಗಳ ಭಾಗಗಳಿಗೆ ಗುರುತು ಕಟ್ಟುವ ಭಾಷೆಯೊಂದನ್ನು ರೂಪಿಸಿದರು. ಅದು ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತಾರಾಷ್ಟ್ರೀಯ ಮಾನದಂಡವಾಯಿತು. ಅದನ್ನು ಹಗುರ ಮಾಡಿ ಜಾಲಕ್ಕೆ ಒಗ್ಗಿಸಿದ್ದು ಎಕ್ಸ್‌ಎಂಎಲ್. ಅದರ ಮೊದಲ ಆವೃತ್ತಿ 1998ರ ಫೆಬ್ರವರಿ 10ರಂದು ಹೊರಬಂತು.

ಇದು ದಾಖಲೆಯ ಭಾಷೆ ಎಂಬುದನ್ನು ನೆನಪಿಡಬೇಕು. ಅದರೊಳಗೆ ಎಲ್ಲವೂ ಅಕ್ಷರವೇ. ‘ತೂಕ’ ಎಂಬ ಗುರುತಿನೊಳಗೆ 1.1 ಎಂದು ಬರೆದರೆ ಅದು ಒಂದು, ಚುಕ್ಕೆ, ಒಂದು ಎಂಬ ಮೂರು ಅಕ್ಷರಗಳು. ಸಂಖ್ಯೆ ಎಂದು ಓದುವವನು ತೀರ್ಮಾನಿಸಬೇಕು.

ಆದರೂ ವ್ಯಾಪಾರ ಜಗತ್ತು ಅದನ್ನು ಕೈಚಾಚಿ ಬರಮಾಡಿಕೊಂಡಿತು. ಒಂದು ಕಂಪನಿಯ ಬಿಲ್ಲು ಇನ್ನೊಂದು ಕಂಪನಿಯ ಕಂಪ್ಯೂಟರಿಗೆ ಅರ್ಥವಾಗಬೇಕಾದರೆ ಇಬ್ಬರಿಗೂ ಗೊತ್ತಿರುವ ಗುರುತುಗಳು ಬೇಕಿದ್ದವು. ನಮ್ಮಲ್ಲೂ ಹಾಗೆಯೇ ಆಯಿತು. ಟ್ಯಾಲಿಯಿಂದ ಲೆಕ್ಕ ಹೊರತೆಗೆಯಲು ಎಕ್ಸ್‌ಎಂಎಲ್. ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು, 2021ರಲ್ಲಿ ಜೇಸನ್ ಬರುವವರೆಗೂ, ಎಕ್ಸ್‌ಎಂಎಲ್ ಕಡತ. ದೊಡ್ಡ ಕಂಪನಿಗಳು 2010-11ರ ಸಾಲಿನಿಂದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುತ್ತಿರುವ ಎಕ್ಸ್‌ಬಿಆರ್‌ಎಲ್ ವರದಿಗಳೂ ಎಕ್ಸ್‌ಎಂಎಲ್ ಕುಟುಂಬಕ್ಕೇ ಸೇರಿದವು.

ಕಡತಗಳು ಬಂದು ಬಿದ್ದಮೇಲೆ ಅವುಗಳನ್ನು ಕೇಳಿ ಉತ್ತರ ಪಡೆಯುವ ಭಾಷೆ ಬೇಕು. 1999ರ ನವೆಂಬರಿನಲ್ಲಿ ಬಂದ ಎಕ್ಸ್‌ಪಾತ್ ಅಂಥದ್ದು. ‘ಬಿಲ್ಲಿನೊಳಗಿನ ಸಾಲಿನೊಳಗಿನ ತೂಕ’ ಎಂದು ದಾರಿ ಹೇಳುವುದು ಅದರ ಮುಖ್ಯ ಕೆಲಸ, ಲೆಕ್ಕ ಎರಡನೆಯದು. ಸಂಖ್ಯೆಗಳಿಗಾಗಿ ಅದರಲ್ಲಿದ್ದದ್ದು ಐದೇ ಐದು ಕಾರ್ಯಗಳು: ಅಕ್ಷರವನ್ನು ಸಂಖ್ಯೆ ಮಾಡುವುದು, ಮೊತ್ತ, ಫ್ಲೋರ್, ಸೀಲಿಂಗ್, ರೌಂಡ್. ಐದರಲ್ಲಿ ಮೂರು ರೌಂಡ್ ಆಫ್‌ಗೆ ಸಂಬಂಧಿಸಿದವು. ಓರೆಗೆರೆ ದಾರಿಯ ಚಿಹ್ನೆಯಾಗಿ ಖರ್ಚಾಗಿದ್ದರಿಂದ ಭಾಗಾಕಾರಕ್ಕೆ ‘ಡಿವ್’ ಎಂದು ಪದದಲ್ಲಿ ಬರೆಯಬೇಕಾಯಿತು.

ಡೇಟಾಬೇಸಿನ ಕಡೆಯವರೂ ಸುಮ್ಮನಿರಲಿಲ್ಲ. ಎಸ್‌ಕ್ಯೂಎಲ್ ಮಾನದಂಡದ 2003ರ ಆವೃತ್ತಿ ಎರಡು ಕೆಲಸ ಮಾಡಿತು. ಫ್ಲೋರ್ ಮತ್ತು ಸೀಲಿಂಗ್‌ಗಳನ್ನು ಅಧಿಕೃತವಾಗಿ ಸೇರಿಸಿಕೊಂಡಿತು. ಎಕ್ಸ್‌ಎಂಎಲ್‌ಗೆಂದೇ ಪ್ರತ್ಯೇಕ ಭಾಗವನ್ನೂ ತೆರೆಯಿತು. 2005ರ ಎಸ್‌ಕ್ಯೂಎಲ್ ಸರ್ವರಿನಲ್ಲಿ ಎಕ್ಸ್‌ಎಂಎಲ್ ಒಂದು ಕಾಲಮ್ಮಿನ ಬಗೆಯೇ ಆಯಿತು. 2007ರ ಜನವರಿಯಲ್ಲಿ ಎಕ್ಸ್‌ಕ್ವೆರಿ ಮಾನದಂಡವಾಯಿತು. ಅದರ ಪೂರ್ವಜ ‘ಕ್ವಿಲ್ಟ್’ ಭಾಷೆಯನ್ನು ರೂಪಿಸಿದವರಲ್ಲಿ ಡಾನ್ ಚೇಂಬರ್ಲಿನ್ ಒಬ್ಬರು. 1970ರ ದಶಕದಲ್ಲಿ ರೇಮಂಡ್ ಬಾಯ್ಸ್ ಜೊತೆ ಎಸ್‌ಕ್ಯೂಎಲ್ ಹುಟ್ಟುಹಾಕಿದ್ದೂ ಅವರೇ. ಒಬ್ಬನೇ ಮನುಷ್ಯ ಎರಡು ತಲೆಮಾರಿನ ಪ್ರಶ್ನೆಭಾಷೆಗಳಿಗೆ ಅಡಿಪಾಯ ಹಾಕಿದ.

ಹಾಗೆಂದು ಎರಡೂ ಭಾಷೆಗಳು ಒಂದೇ ತರಹ ಲೆಕ್ಕ ಹಾಕುತ್ತವೆ ಎಂದುಕೊಂಡರೆ ಮೋಸಹೋಗುತ್ತೀರಿ. ಮೈನಸ್ ಎರಡೂವರೆಯನ್ನು ರೌಂಡ್ ಮಾಡು ಎಂದರೆ ಎಸ್‌ಕ್ಯೂಎಲ್ ಸರ್ವರಿನ ಎಸ್‌ಕ್ಯೂಎಲ್ ಮೈನಸ್ ಮೂರು ಎನ್ನುತ್ತದೆ. ಎಕ್ಸ್‌ಪಾತ್ ಮೈನಸ್ ಎರಡು ಎನ್ನುತ್ತದೆ. ನಡುವೆ ನಿಂತದ್ದು ಮೇಲಿನ ಕಡೆಗೇ ಹೋಗಬೇಕೆಂಬುದು ಅದರ ನಿಯಮ. ಒಂದೇ ಪ್ರಶ್ನೆಯೊಳಗೆ, ಆವರಣದ ಈಚೆಗೊಂದು ಉತ್ತರ, ಆಚೆಗೊಂದು ಉತ್ತರ.

ನೂರ ಹತ್ತು ನೂರ ಹನ್ನೊಂದಾದ ಬಗೆ

ಈಗ ತಕ್ಕಡಿಗೆ ಮರಳೋಣ. ಒಂದು ಕೊರಿಯರ್ ಲೆಕ್ಕ ಎಂದುಕೊಳ್ಳಿ. ಕಿಲೋಗೆ 100 ರೂಪಾಯಿ. ಪೈಸೆ ಉಳಿದರೆ ಮುಂದಿನ ರೂಪಾಯಿಗೆ ಏರಿಸಬೇಕು. ಪೆಟ್ಟಿಗೆಯ ತೂಕ 1.1 ಕಿಲೋ. ಬಾಯಿಲೆಕ್ಕದಲ್ಲೇ ಹೇಳಬಹುದು, 110 ರೂಪಾಯಿ. ಏರಿಸಲು ಅಲ್ಲಿ ಪೈಸೆಯೇ ಇಲ್ಲ.

ತೂಕ ಎಕ್ಸ್‌ಎಂಎಲ್‌ನಲ್ಲಿದೆ. ಪ್ರಶ್ನೆಯಲ್ಲಿ ‘ತೂಕವನ್ನು ನೂರರಿಂದ ಗುಣಿಸಿ ಸೀಲಿಂಗ್ ತೆಗೆ’ ಎಂದು ಬರೆದಿದೆ. ಬರುವ ಉತ್ತರ 111.

ಕಾರಣ ಹೀಗಿದೆ. ಎಕ್ಸ್‌ಪಾತ್‌ನ ಮೊದಲ ಆವೃತ್ತಿಗೆ ಗೊತ್ತಿದ್ದದ್ದು ಒಂದೇ ಬಗೆಯ ಸಂಖ್ಯೆ, ಐಇಇಇ 754ರ ಡಬಲ್. ಅದು ಎರಡರ ಪದ್ಧತಿಯಲ್ಲಿ ಬರೆಯುತ್ತದೆ. ಹತ್ತರ ಪದ್ಧತಿಯಲ್ಲಿ ಮೂರನೇ ಒಂದು ಭಾಗವನ್ನು 0.333 ಎಂದು ಎಷ್ಟು ಬರೆದರೂ ಮುಗಿಯದಂತೆ, ಎರಡರ ಪದ್ಧತಿಯಲ್ಲಿ ಹತ್ತನೇ ಒಂದು ಭಾಗ ಮುಗಿಯುವುದಿಲ್ಲ. ಆದ್ದರಿಂದ 1.1 ಎಂಬುದು ಒಳಗೆ 1.1ಕ್ಕಿಂತ ತೃಣಮಾತ್ರ ಹೆಚ್ಚಿನ ಸಂಖ್ಯೆಯಾಗಿ ಕೂರುತ್ತದೆ. ನೂರರಿಂದ ಗುಣಿಸಿದಾಗ 110.00000000000001. ಹತ್ತಿರದ ಸಂಖ್ಯೆಗೆ ಹೊಂದಿಸಿದ್ದರೆ ಈ ಧೂಳು ಅಲ್ಲೇ ಉದುರುತ್ತಿತ್ತು. ಸೀಲಿಂಗ್‌ಗೆ ಧೂಳೂ ಒಂದೇ, ಬಂಡೆಯೂ ಒಂದೇ. ‘ಅಥವಾ ಅದರ ಭಾಗಕ್ಕೆ’ ಎಂಬ ನಿಯಮವನ್ನು ಅದು ಅಕ್ಷರಶಃ ಪಾಲಿಸಿ ಒಂದು ರೂಪಾಯಿ ಏರಿಸುತ್ತದೆ.

ಇನ್ನೂ ಕೆಟ್ಟದ್ದೆಂದರೆ ಇದು ಎಲ್ಲ ತೂಕಕ್ಕೂ ಆಗುವುದಿಲ್ಲ. 1.2 ಕಿಲೋಗೆ ಸರಿಯಾಗಿ 120 ಬರುತ್ತದೆ, 1.3ಕ್ಕೆ 130, 1.4ಕ್ಕೆ 140, 1.5ಕ್ಕೆ 150. ಪರೀಕ್ಷಿಸುವವನು ನಾಲ್ಕೈದು ಉದಾಹರಣೆ ಹಾಕಿ ನೋಡಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಿಬಿಡಬಹುದು. 1.1 ಕಿಲೋ ಕಳಿಸಿದ ಗಿರಾಕಿಗಳು ಮಾತ್ರ ತಲಾ ಒಂದು ರೂಪಾಯಿ ಹೆಚ್ಚು ಕೊಡುತ್ತಾ ಇರುತ್ತಾರೆ.

2001ರಲ್ಲಿ ಬಂದ ಎಕ್ಸ್‌ಎಂಎಲ್ ಸ್ಕೀಮಾ ಇದಕ್ಕೆ ಮದ್ದು ಕೊಟ್ಟಿತು. ಅದರಲ್ಲಿ ಡಬಲ್ ಜೊತೆಗೆ ಡೆಸಿಮಲ್ ಎಂಬ ಬಗೆಯೂ ಇದೆ. ಅದು ನಾವು ಬರೆದಂತೆಯೇ ಹತ್ತರ ಪದ್ಧತಿಯಲ್ಲಿ ಇಟ್ಟುಕೊಳ್ಳುತ್ತದೆ. 2007ರ ಎಕ್ಸ್‌ಕ್ವೆರಿಯಲ್ಲಿ ನೇರವಾಗಿ 1.1 ಎಂದು ಬರೆದರೆ ಅದು ಡೆಸಿಮಲ್ಲೇ. ನೂರರಿಂದ ಗುಣಿಸಿದರೆ ಸರಿಯಾಗಿ 110.

ಆದರೆ ಮದ್ದಿನಲ್ಲೂ ಒಂದು ಪಥ್ಯವಿತ್ತು. ಕಡತದೊಳಗಿನ ಸಂಖ್ಯೆಗೆ ಸ್ಕೀಮಾ ಕಟ್ಟಿರದಿದ್ದರೆ ಅದಕ್ಕೆ ಬಗೆಯೇ ಇಲ್ಲ. ಗುಣಾಕಾರಕ್ಕೆ ಇಳಿದ ಕೂಡಲೇ ಅದು ಡಬಲ್ ಆಗುತ್ತದೆ ಎಂದು ಮಾನದಂಡವೇ ಹೇಳುತ್ತದೆ. ಅಂದರೆ ಪ್ರೋಗ್ರಾಮರ್ ತನ್ನ ಪರದೆಯ ಮೇಲೆ 1.1 ಎಂದು ಟೈಪ್ ಮಾಡಿ ನೋಡಿದಾಗ 110 ಬರುತ್ತದೆ. ಅದೇ 1.1 ಗಿರಾಕಿಯ ಕಡತದಿಂದ ಬಂದಾಗ 111. ‘ನನ್ನ ಮೆಷಿನ್ನಿನಲ್ಲಿ ಸರಿಯಾಗಿದೆಯಲ್ಲ’ ಎಂಬ ಹಳೇ ಮಾತಿಗೆ ಇಷ್ಟು ಶುದ್ಧವಾದ ಕಾರಣ ಅಪರೂಪ. ಪರಿಹಾರ ಒಂದೇ ಪದದ್ದು: ಗುಣಿಸುವ ಮೊದಲೇ ತೂಕವನ್ನು ಡೆಸಿಮಲ್ ಎಂದು ಸ್ಪಷ್ಟವಾಗಿ ಹೇಳುವುದು. ಅಥವಾ ಅದನ್ನು ಎಕ್ಸ್‌ಎಂಎಲ್‌ನಿಂದ ಡೆಸಿಮಲ್ ಕಾಲಮ್ಮಾಗಿಯೇ ಹೊರತೆಗೆದು ಎಸ್‌ಕ್ಯೂಎಲ್ ಕಡೆಯಲ್ಲಿ ಏರಿಸುವುದು.

ಎಲ್ಲಿ ಏರಿಸಬೇಕು, ಯಾವಾಗ ಏರಿಸಬೇಕು

ಬಗೆ ಸರಿಹೋದರೂ ಇನ್ನೆರಡು ಪ್ರಶ್ನೆ ಉಳಿಯುತ್ತವೆ. ಅವು ಗಣಿತದ ಪ್ರಶ್ನೆಗಳಲ್ಲ, ನ್ಯಾಯದ ಪ್ರಶ್ನೆಗಳು.

ಮೊದಲನೆಯದು ಸ್ಥಾನದ್ದು. ಬಿಲ್ಲಿನಲ್ಲಿ 10.20ರ ಮೂರು ಸಾಲುಗಳಿವೆ. ಪ್ರತಿ ಸಾಲನ್ನೂ ಏರಿಸಿ ಕೂಡಿಸಿದರೆ 33. ಕೂಡಿಸಿ ಆಮೇಲೆ ಏರಿಸಿದರೆ 31. ಕೋಡಿನಲ್ಲಿ ಮೊತ್ತ ಎಂಬ ಪದವೂ ಸೀಲಿಂಗ್ ಎಂಬ ಪದವೂ ಸ್ಥಳ ಅದಲುಬದಲು ಮಾಡಿಕೊಂಡಿವೆ, ಅಷ್ಟೇ. ಗಿರಾಕಿಗೆ ಎರಡು ರೂಪಾಯಿ ವ್ಯತ್ಯಾಸ.

ಎರಡನೆಯದು ದಿಕ್ಕಿನದು. 109.20ಕ್ಕೆ ಸೀಲಿಂಗ್ ತೆಗೆದರೆ 110. ಅದೇ ವಸ್ತು ವಾಪಸಾದಾಗ ಮೈನಸ್ 109.20 ಎಂದು ದಾಖಲಾಗುತ್ತದೆ; ಅದರ ಸೀಲಿಂಗ್ ಮೈನಸ್ 109. ಮೈನಸ್ ಲೋಕದಲ್ಲಿ ‘ಮೇಲೆ’ ಎಂದರೆ ಸೊನ್ನೆಯ ಹತ್ತಿರ. ಕೊಟ್ಟದ್ದು 110, ಮರಳಿ ಸಿಕ್ಕಿದ್ದು 109. ಎರಡೂ ಸಲ ಒಂದೇ ನಿಯಮ, ಎರಡೂ ಸಲ ವ್ಯಾಪಾರಿಗೇ ಲಾಭ. ಯಾರೂ ಮೋಸ ಮಾಡಲಿಲ್ಲ.

ನಮ್ಮ ಕಾನೂನುಗಳನ್ನು ಬರೆದವರಿಗೆ ಈ ಸೂಕ್ಷ್ಮ ಗೊತ್ತಿತ್ತು ಎಂಬುದು ಸಮಾಧಾನದ ವಿಷಯ. 2017ರ ಜಿಎಸ್‌ಟಿ ಕಾಯ್ದೆಯ 170ನೇ ವಿಧಿ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಿ, ಕಡಿಮೆಯಿದ್ದರೆ ಬಿಡಿ ಎನ್ನುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 288ಎ ವಿಧಿ ಒಟ್ಟು ಆದಾಯವನ್ನು ಹತ್ತರ ಗುಣಕಕ್ಕೆ ತರುವಾಗ ಕ್ರಮವನ್ನೂ ಹೇಳಿತ್ತು: ಮೊದಲು ಪೈಸೆ ಬಿಡಿ, ಆಮೇಲೆ ಕೊನೆಯ ಅಂಕಿ 5 ಅಥವಾ ಹೆಚ್ಚಿದ್ದರೆ ಏರಿಸಿ. 1004.99 ಹೀಗೆ 1004 ಆಗಿ, ಬಳಿಕ 1000ಕ್ಕೆ ಇಳಿಯುತ್ತದೆ. ಪೈಸೆಯನ್ನು ಮೊದಲು ಹತ್ತಿರದ ರೂಪಾಯಿಗೆ ಏರಿಸಿದ್ದರೆ 1005 ಆಗಿ, ಅಲ್ಲಿಂದ 1010ಕ್ಕೆ ಹಾರುತ್ತಿತ್ತು. ಒಂದು ಪೈಸೆಯ ನೆಪದಲ್ಲಿ ಹತ್ತು ರೂಪಾಯಿ.

ಎಕ್ಸ್‌ಬಿಆರ್‌ಎಲ್ ಮಾಡಿದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದರಲ್ಲಿ ಪ್ರತಿ ಸಂಖ್ಯೆಯ ಜೊತೆಗೂ ಅದು ಎಷ್ಟರವರೆಗೆ ನಿಖರ ಎಂದು ಹೇಳುವ ಗುರುತನ್ನು ಕಟ್ಟಲು ಅವಕಾಶವಿದೆ. ಮೈನಸ್ 5 ಎಂದಿದ್ದರೆ ಲಕ್ಷಕ್ಕೆ ಹೊಂದಿಸಿದ್ದು, ಮೈನಸ್ 7 ಎಂದಿದ್ದರೆ ಕೋಟಿಗೆ. ಸಂಖ್ಯೆಯೇ ತನ್ನ ಒರಟುತನವನ್ನು ಒಪ್ಪಿಕೊಂಡು ಬರುತ್ತದೆ. 1992ರ ಆ ಫಲಿತಾಂಶದ ಹಾಳೆಯಲ್ಲಿ 5.0ರ ಪಕ್ಕದಲ್ಲಿ ಅಂಥ ಒಂದು ಗುರುತಿದ್ದಿದ್ದರೆ ಮಧ್ಯರಾತ್ರಿಯವರೆಗೆ ಕಾಯಬೇಕಿರಲಿಲ್ಲ.

ಕಾನೂನು ಇಲ್ಲದ ಕಡೆ ಮಾತ್ರ ಭಾಷೆಯ ಅಭ್ಯಾಸವೇ ಕಾನೂನಾಗುತ್ತದೆ. ಕೊರಿಯರ್ ದರ, ಪಾರ್ಕಿಂಗ್ ಗಂಟೆ, ಫೋನಿನ ನಿಮಿಷ, ಸಾಲದ ಬಡ್ಡಿ, ಗೋದಾಮಿನ ಬಾಡಿಗೆ. ಇಲ್ಲೆಲ್ಲ ‘ಅಥವಾ ಅದರ ಭಾಗಕ್ಕೆ’ ಎಂಬ ಮಾತು ಗೋಡೆಯಿಂದ ಇಳಿದು ಕೋಡಿನೊಳಗೆ ಹೋಗಿದೆ. ಅಂಚೆಯ ಗಿರಾಕಿಗೆ ತಕ್ಕಡಿ ಕಾಣುತ್ತಿತ್ತು. ಇಂದಿನ ಗಿರಾಕಿಗೆ ಕಾಣುವುದು ಕೊನೆಯ ಮೊತ್ತ. ನಡುವೆ ಮುಳ್ಳು ವಾಲಿತೇ, ನಿಂತಿತೇ ಎಂದು ನೋಡಿದವರು ಆ ಸಾಲನ್ನು ಬರೆದವರು ಮಾತ್ರ. ಹಲವು ಸಲ ಅವರೂ ನೋಡಿರುವುದಿಲ್ಲ.

ಹಾಗಾಗಿ ಇದನ್ನು ಓದುತ್ತಿರುವ ಕೋಡ್ ಬರೆಯುವ ಮಂದಿಗೆ ಒಂದು ಮಾತು. ಸೀಲಿಂಗ್ ಎಂದು ಬರೆಯುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ಪಡೆದುಕೊಳ್ಳಿ. ಸಂಖ್ಯೆ ಯಾವ ಬಗೆಯದು? ಕೂಡಿಸುವ ಮೊದಲೋ, ಆಮೇಲೋ? ಮೈನಸ್ ಬಂದರೆ ಏನಾಗಬೇಕು? ಉತ್ತರವನ್ನು ಆ ಸಾಲಿನ ಪಕ್ಕದಲ್ಲೇ ಕಾಮೆಂಟಾಗಿ ಬರೆದಿಡಿ. ಅದು ಇಂದಿನ ದರಪಟ್ಟಿ, ಅದೇ ಇಂದಿನ ಅಂಚೆ ಕಚೇರಿಯ ಗೋಡೆ.

ಕೋಡ್ ಬರೆಯದವರಿಗೂ ಕೆಲಸವಿದೆ. ಮುಂದಿನ ಸಲ ಬಿಲ್ಲು ಬಂದಾಗ ಆ ‘ರೌಂಡ್ ಆಫ್’ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ. ಕೆಲವು ಸಲ ಕೂಡಿ, ಕೆಲವು ಸಲ ಕಳೆದು ಬಂದಿದ್ದರೆ ಲೆಕ್ಕ ಸರಿದೂಗುತ್ತಿದೆ ಎಂದು ತಿಳಿಯಿರಿ. ಹತ್ತು ಬಿಲ್ಲಿನಲ್ಲಿ ಹತ್ತು ಸಲವೂ ಕೂಡಿಯೇ ಇದ್ದರೆ, ಎಲ್ಲೋ ಒಂದು ಚಾವಣಿ ಸ್ವಲ್ಪ ಕೆಳಗಿದೆ ಎಂದರ್ಥ. ನಲವತ್ತು ಪೈಸೆಗೆ ಜಗಳ ಬೇಡ. ಆದರೆ ಅದು ಎತ್ತ ಹೋಯಿತೆಂದು ಕೇಳುವುದು ಜಗಳವಲ್ಲ, ಲೆಕ್ಕ.